ಬೆಲ್ಲ ಕಾಯಿಸೋನಿಗೊಂದು ಬಾಡಿಗೆ ರೂಮು

ಮದ್ದೂರು ಸ್ಟೇಷನ್ನಿನಲ್ಲಿ ರಾಜಸ್ಥಾನದ ಮೊಟ್ಟಮೊದಲನೇ ಸೇಟು ರೈಲಿಳಿದಾಗ ಅವನ ಟ್ರಂಕು ಹೊತ್ತವನು ನಾನು. ಟ್ರಂಕು ಅಂದರೆ ಒಂದಲ್ಲ. ತಲೆ ಮೇಲೊಂದು, ಎರಡು ಹೆಗಲಿಗೆ ಎರಡು, ಹಾಸಿಗೆ ಸುರುಳಿ ಹಲ್ಲಲ್ಲಿ. ಸುಳ್ಳು ಅನ್ನೋರು ಆ ಸೇಟನ್ನೇ ಕೇಳಬಹುದು. ಅವನು ತೀರಿಕೊಂಡು ಬಹಳ ಕಾಲವಾಯ್ತು. ಸ್ಟೇಷನ್ ಮಾಸ್ಟ್ರೂ ಹೋದರು, ಹೊರಗೆ ಕಾಯ್ತಿದ್ದ ಜಟಕಾದವನೂ ಹೋದ, ಜಟಕಾ ಕುದುರೆಯೂ ಹೋಯ್ತು. ಉಳಿದಿರೋನು ನಾನೊಬ್ಬನೇ, ಅದಕ್ಕೇ ನಾನು ಹೇಳಿದ್ದೇ ನಿಜ.

ಆ ಸೇಟಿನ ಮಗ ಈಗಿನ ಸೇಟು. ಪೇಟೆ ಬೀದಿಯಲ್ಲಿ ಪಾತ್ರೆ, ಪೈಪು, ಮೋಟರು ಮಾರ್ತಾನೆ. ಮೇಲೆ ಮೂರು ಮಹಡಿ. ಅವನಪ್ಪ ಬಂದು ಎಷ್ಟೋ ವರ್ಷದ ಮೇಲೆ ರೈಲಿಳಿದವನು ಒಬ್ಬ ಬಿಹಾರದವನು. ಅವನ ಹತ್ತಿರ ಹೊರೋದಕ್ಕೆ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟು ಏನೂ ಇರಲಿಲ್ಲ. ನಮ್ಮೂರ ಆಲೆಮನೆಯಲ್ಲಿ ಬೆಲ್ಲ ಕಾಯಿಸ್ತಾನೆ. ಇಬ್ಬರ ಮೂಲವೂ ಉತ್ತರ, ಎರಡು ಮನೆಯವರನ್ನೂ ಕರ್ಕೊಂಡು ಬಂದಿದ್ದು ಹೊಟ್ಟೆ. ಆದರೆ ಒಬ್ಬ ಬೆಲ್ಲ ಕಾಯಿಸೋ ಕೊಪ್ಪರಿಗೆ ಮಾರ್ತಾನೆ, ಇನ್ನೊಬ್ಬ ಆ ಕೊಪ್ಪರಿಗೆ ಮುಂದೆ ತಾನೇ ಬೇಯ್ತಾನೆ. ಇವರಿಬ್ಬರನ್ನ ನಮ್ಮ ಜನ ನಡೆಸ್ಕೊಳ್ಳೋ ರೀತಿ ನೋಡಿದರೆ ದಿನಕ್ಕೊಂದು ತಮಾಷೆ. ಎಲ್ಲರೂ ನಗ್ತಾರೆ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತೆ.

ಬಿಹಾರದವನಿಗೆ ಬೇಕಿರೋದು ಒಂದೇ ಒಂದು ಬಾಡಿಗೆ ರೂಮು. ಹೆಂಡತಿ, ಮಗಳನ್ನ ಕರ್ಕೊಂಡು ಬರಬೇಕು, ಸ್ಕೂಲು ಶುರುವಾಗೋ ಹೊತ್ತಿಗೆ ಮಗಳನ್ನ ನಮ್ಮೂರ ಸ್ಕೂಲಿಗೆ ಸೇರಿಸಬೇಕು. ಅವನೋ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಮೆದೆ ಪಕ್ಕ ಮಲಗೋನು. ಅಲ್ಲಿಗೆ ಹೆಣ್ಣುಮಕ್ಕಳನ್ನ ಕರೆಸೋದಾ? "ನಾನಿಲ್ವೇನ್ಲಾ, ಈ ಮದ್ದೂರು ಸೀಮೇಲಿ ನನ್ ಮಾತು ತೆಗ್ದಾಕೋನು ಇನ್ನೂ ಉಟ್ಟಿಲ್ಲ" ಅಂತ ಮೀಸೆ ತಿರುವಿ ಒಪ್ಪಿಕೊಂಡುಬಿಟ್ಟೆ.

ಬೀಗರ ಊಟದ ಮುಂದಿನ ಕುರ್ಚಿ

ಆಲೆಮನೆ ಗೌಡ ಮಗಳ ಮದುವೆ ಮುಗಿಸಿ ಬೀಗರ ಊಟ ಇಟ್ಕೊಂಡಿದ್ದ. ಗೌಡನ ಮನೆ ಮಹಡಿ ಮೇಲೆ ಒಂದು ರೂಮು ಖಾಲಿ. ಹೊಟ್ಟೆ ತುಂಬಿದ ಮನುಷ್ಯ ಇಲ್ಲ ಅನ್ನಲ್ಲ, ಊಟ ಆದ ಮೇಲೆ ಕೇಳೋಣ ಅಂತ ಹೋದೆ.

ಹೋಗಿ ನೋಡಿದರೆ ಸೇಟನ್ನ ಮುಂದಿನ ಸಾಲಲ್ಲಿ ಬೀಗರ ಪಕ್ಕ ಕೂರಿಸಿದ್ದಾರೆ. ಹೆಗಲಿಗೆ ಶಾಲು. ಸುತ್ತ ಮಟನ್ನು, ಬೋಟಿ, ಚಾಪ್ಸು ಓಡಾಡ್ತಿದ್ದರೆ ಅವನು ಕರ್ಚೀಫು ಮೂಗಿಗೆ ಹಿಡ್ಕೊಂಡು ಒಂದು ಬಾಳೆಹಣ್ಣು ಸುಲೀತಿದ್ದಾನೆ. ಬಿಹಾರದವನು ಎಲ್ಲಿ ಅಂತ ಹುಡುಕಿದರೆ ಶಾಮಿಯಾನದ ಹಿಂದೆ, ಒಲೆಗೆ ಸೌದೆ ಒಟ್ಟುತ್ತಾ, ಬೇಯ್ತಿರೋ ಮಟನ್ ಕಡೆ ಭಕ್ತ ಗರ್ಭಗುಡಿ ನೋಡಿದ ಹಾಗೆ ನೋಡ್ತಿದ್ದಾನೆ. ಬೆಳಗ್ಗಿಂದ ದುಡಿದಿದ್ದಾನೆ, ಒಂದು ಎಲೆ ಹಾಕಿದೋರಿಲ್ಲ.

ನನಗೆ ತಡೀಲಿಲ್ಲ. ಗೌಡನ ತೋಳು ಹಿಡಿದು, "ಏನ್ಲಾ ನ್ಯಾಯ ಇದು? ತಿನ್ನದೇ ಇರೋನ್ಗೆ ಮುಂದಿನ್ ಕುರ್ಚಿ, ತಿನ್ನೋನ್ಗೆ ಒಲೆ ಮುಂದೆ ಜಾಗ್ವಾ?" ಅಂದೆ.

ಗೌಡ ಆಚೆ ಈಚೆ ನೋಡಿ ನನ್ನ ಕಿವಿ ಹತ್ರ ಬಂದ. "ಮೆತ್ಗೆ ಮಾತಾಡು ದೊಡ್ಡಪ್ಪ. ಸೇಟು ತಿನ್ನಕಿಲ್ಲ ಅಂತ್ಲೇ ಮುಂದೆ ಕೂರ್ಸಿರಾದು. ಮರ್ವಾದೆನೂ ಆಯ್ತು, ಕರ್ಚೂ ಇಲ್ಲ."

ಅಂಥವನ ಹತ್ರ ರೂಮು ಕೇಳೋದುಂಟಾ? ಆದರೂ ಕೇಳಿದೆ. "ಅವ್ನು ಮಹಡಿ ಮೇಲೆ ಮಲ್ಗುದ್ರೆ ನನ್ ಆಲೆಮನೆ ಒಲೆ ಮುಂದೆ ನೀ ಮಲಗ್ತೀಯಾ?" ಅಂದ.

ಕೊಪ್ಪರಿಗೆ ಮುಂದೆ ಕಲಿತ ಕನ್ನಡ

ಸೇಟು ಕನ್ನಡ ಕಲಿತಿದ್ದು ಅಂಗಡಿಯಲ್ಲಿ, ಗಿರಾಕಿಗಳ ಜೊತೆ. ಅದಕ್ಕೇ ಅವನ ಬಾಯಲ್ಲಿ ಬರೋದೆಲ್ಲ "ಬನ್ನಿ ಅಕ್ಕಾ, ಕೂತ್ಕೊಳ್ಳಿ ಅಣ್ಣಾ, ಮಕ್ಕಳು ಚೆನ್ನಾಗವ್ರಾ?" ಬಿಹಾರದವನು ಕಲಿತಿದ್ದು ಆಲೆಮನೆಯಲ್ಲಿ, ಗೌಡನ ಬಾಯಿಂದ. ನಮ್ಮ ಕಡೆ ಆಲೆಮನೆಯಲ್ಲಿ ಯಾವ ಭಾಷೆ ಆಡ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಕೆಲಸ ಮಾಡಿ ರಿಟೈರಾದ ಸಾಹೇಬರೊಬ್ಬರ ಮನೆ ಹಿಂದೆ ಔಟ್‌ಹೌಸು ಖಾಲಿ ಇತ್ತು. ಒಳ್ಳೇ ಮನುಷ್ಯರು. "ಹುಡುಗ ಹೇಗೋ ನೋಡ್ತೀನಿ, ಮರ್ಯಾದಸ್ಥ ಆದರೆ ಕೊಡ್ತೀನಿ" ಅಂದರು. ಅವರನ್ನ ಅವರ ಕಾರಲ್ಲೇ ಆಲೆಮನೆಗೆ ಕರ್ಕೊಂಡು ಬಂದೆ. ದಾರಿಯುದ್ದಕ್ಕೂ ಹೇಳಿದೆ: ಇವನಂಥ ನಯ ವಿನಯ ಈ ತಾಲ್ಲೂಕಲ್ಲೇ ಇಲ್ಲ, ಒಂದು ಸಲ ಇವನ ಮಾತು ಕೇಳಿ ಬುಸುಗುಟ್ತಿದ್ದ ನಾಗರಹಾವು ಹೆಡೆ ಇಳಿಸಿ ಹೊರಟುಹೋಗಿದೆ, ನಾನೇ ಕಣ್ಣಾರೆ ಕಂಡಿದೀನಿ ಅಂತ.

ಸಾಹೇಬರು ಕಾರಿಳಿದರು. ಬಿಹಾರದವನು ಓಡಿ ಬಂದ. ಕೈ ಒರೆಸ್ಕೊಂಡ. ಎರಡೂ ಕೈ ಮುಗಿದ. ತಲೆ ಬಾಗಿಸಿದ. ಮುಖದ ತುಂಬ ನಗು ತುಂಬಿಕೊಂಡು ಬಾಯಿ ಬಿಟ್ಟ:

"ಬಾರ್ಲಾ ಬಡ್ಡೆತ್ತದೇ! ಎಲ್ ಸತ್ತೋಗಿದ್ಯೋ ಇಷ್ಟೊತ್ತು? ಕೂತ್ಕ, ಬೆಲ್ಲ ತಿನ್ಕಂಡ್ ಸಾಯಿ!"

ಇದು ಗೌಡ ಅವನನ್ನ ದಿನಾ ಬೆಳಗ್ಗೆ ಎಬ್ಬಿಸೋ ಮಾತು. ಇದೇ ಈ ಊರಿನ ನಮಸ್ಕಾರ ಅಂತ ಅವನು ತಿಳ್ಕೊಂಡಿದ್ದ. ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. "ಸಾ, ಅದು ಪ್ರೀತಿ ಸಾ, ನಮ್ ಕಡೆ ಕಳ್ಳುಬಳ್ಳಿ ನೆಂಟ್ರಿಗೆ ಮಾತ್ರ ಇಂಗೆ ಅನ್ನಾದು" ಅಂತ ನಾನು ಏನೇನೋ ತೇಪೆ ಹಚ್ಚಿದೆ. ಅವರು ಕೇಳಲಿಲ್ಲ. ಗೌಡನ ಕಡೆ ತಿರುಗಿ, "ಇವನಿಗೆ ಇಂಥಾ ಹೊಲಸು ಮಾತು ಕಲಿಸಿದವರು ಯಾರ್ರೀ?" ಅಂತ ಗದರಿದರು.

ಗೌಡ ಪಾಪ, ಗಾಬರಿಯಾಗಿ ಕೈ ಕಟ್ಕೊಂಡ. "ನಂಗೊತ್ತಿಲ್ಲ ಕಣ್ ಸಾ. ಯಾವ್ ಬಡ್ಡೆತ್ತದು ಕಲುಸ್ತೋ ಏನೋ!"

ಔಟ್‌ಹೌಸು ಹೋಯ್ತು. ಊರೆಲ್ಲ ನಕ್ಕಿತು. ನಗೋ ಜನಕ್ಕೆ ನಾನು ಕೇಳೋದು ಇಷ್ಟೇ: ಇಷ್ಟು ವರ್ಷದಲ್ಲಿ ನಿಮ್ಮಲ್ಲಿ ಒಬ್ಬನಾದರೂ ಅವನಿಗೆ "ಬನ್ನಿ" ಅಂದಿದ್ದರೆ ಆ ಮಾತೂ ಅವನಿಗೆ ಬರ್ತಿರಲಿಲ್ಲವಾ?

ಗಾಜಿನ ಲೋಟ

ಬಸ್ ಸ್ಟ್ಯಾಂಡ್ ಹತ್ರದ ಟೀ ಅಂಗಡಿ. ಸೇಟಿಗೆ ಗಾಜಿನ ಲೋಟದಲ್ಲಿ ಟೀ, ಬಿಹಾರದವನಿಗೆ ಪೇಪರ್ ಕಪ್ಪಲ್ಲಿ. ಇಬ್ಬರೂ ಕೊಟ್ಟಿದ್ದು ಒಂದೇ ದುಡ್ಡು. ನಾನು ಎಗರಿಬಿದ್ದೆ. ಟೀ ಅಂಗಡಿಯವನು ತಣ್ಣಗೆ, "ಗಾಜಿಂದು ಕೊಟ್ರೆ ಎತ್ಕಂಡ್ ಓಯ್ತರೆ ಕಣಣ್ಣೋ ಇವ್ರು" ಅಂದ.

"ಎತ್ಕಂಡ್ ಓಗಿ ಎಲ್ಲಿಟ್ಕತಾನ್ಲಾ? ನೀವ್ಯಾರಾದ್ರೂ ಮನೆ ಕೊಟ್ಟಿದ್ದೀರಾ ಅವ್ನಿಗೆ?"

ನಾನು ಯಾವೂರಿನವನು

ಮಳವಳ್ಳಿಯಲ್ಲಿ ಒಂದು ರೂಮು ಇದೆ ಅಂತ ಯಾರೋ ಹೇಳಿದರು. ಮಳವಳ್ಳಿಯಿಂದ ದಿನಾ ಬಂದು ಹೋಗೋದು ಕಷ್ಟವೇ, ಆದರೂ ಬಿಹಾರದವನು "ಪರವಾಗಿಲ್ಲ ಅಜ್ಜ, ಬಸ್ಸಲ್ಲಿ ಬತ್ತೀನಿ" ಅಂದ. ಇಬ್ಬರೂ ಮದ್ದೂರಲ್ಲಿ ಬಸ್ಸಿಗೆ ಕಾಯ್ತಾ ಕೂತಿದ್ದೆವು. ಅವನಿಗೆ ಬೇಜಾರಾಗದೇ ಇರಲಿ ಅಂತ ನಾನು ಹಿಂದಿಯಲ್ಲಿ ಮಾತಾಡ್ತಿದ್ದೆ. ನನ್ನ ಹಿಂದಿ ಅಂದರೆ ಸಾಮಾನ್ಯ ಅಲ್ಲ. ಡೆಲ್ಲಿಯವರು ಕೇಳಿದರೆ ತಮ್ಮದೇ ಮರೆತುಬಿಡ್ತಾರೆ.

ಹೊಸದಾಗಿ ಬಂದಿದ್ದ ಒಬ್ಬ ಪೊಲೀಸಪ್ಪ, ಬಿಜಾಪುರದ ಕಡೆಯವನು, ಮುಂದೆ ಬಂದು ನಿಂತ. "ಯಾವೂರು ನಿಮ್ದು? ಆಧಾರ್ ಕಾರ್ಡ್ ತಗೀರಿ."

ಬಿಹಾರದವನು ಜೇಬಿಂದ ಪ್ಲಾಸ್ಟಿಕ್ ಹೊದಿಸಿದ ಕಾರ್ಡು ತೆಗೆದು ತೋರಿಸಿದ. ಈ ಭೂಮಿ ಮೇಲೆ ಎಲ್ಲರೂ ಅವನನ್ನ ಅದೇ ಕೇಳೋದರಿಂದ ಅದು ಯಾವಾಗಲೂ ಅವನ ಎದೆ ಮೇಲೇ ಇರುತ್ತೆ. ನನ್ನ ಕಾರ್ಡು ಮನೆಯಲ್ಲಿ, ಅಕ್ಕಿ ಡ್ರಮ್ಮಿನ ತಳದಲ್ಲಿ.

"ನಿನ್ನ ಕಾರ್ಡ್ ಎಲ್ಲೈತಿ ಯಜಮಾನ? ಇವನ ಜೋಡಿ ಬಂದೀಯೇನು?"

ಸಿಟ್ಟಲ್ಲಿ ಬಾಯಿ ತೆಗೆದರೆ ಇಷ್ಟೊತ್ತು ಆಡ್ತಿದ್ದ ಹಿಂದಿಯೇ ಬಂತು! ಪೊಲೀಸಪ್ಪನ ಅನುಮಾನ ಗಟ್ಟಿಯಾಯ್ತು. "ನೀ ನಡಿಯಪ್ಪ" ಅಂತ ಬಿಹಾರದವನನ್ನ ಬಿಟ್ಟು ನನ್ನ ತೋಳು ಹಿಡಿದ. ಅಷ್ಟರಲ್ಲಿ ಸೇಟು ಸ್ಕೂಟರಲ್ಲಿ ಬಂದ. ಇಳಿದವನೇ, "ಸಾರ್, ಬುಡಿ ಅವ್ರ್ನ! ನಮ್ಮೂರ್ ಯಜಮಾನ್ರು ಕಣ್ ಸಾರ್, ನಾನು ಉಟ್ಟಾಗಿಂದ ನೋಡಿವ್ನಿ" ಅಂದ. ಅವನ ಆ ಅಪ್ಪಟ ಮಂಡ್ಯದ ಮಾತು ಕೇಳಿದ ಮೇಲೇ ಪೊಲೀಸಪ್ಪ ಕೈ ಸಡಿಲ ಮಾಡಿದ್ದು. ಬಿಹಾರದವನೂ ಹೋಗದೆ ಅಲ್ಲೇ ನಿಂತು, "ಹೌದು ಹೌದು, ಅಜ್ಜ ಇಲ್ಲೀದೇ" ಅಂತ ತಲೆ ಆಡಿಸ್ತಿದ್ದ.

ನಮ್ಮ ಏಳು ತಲೆಮಾರಿನ ಮೂಳೆ ಈ ಮಣ್ಣಲ್ಲಿದೆ. ನಾನು ಮಂಡ್ಯದವನು ಅಂತ ರಾಜಸ್ಥಾನದವನು ಹೇಳಿ, ಬಿಹಾರದವನು ಸಾಕ್ಷಿ ನಿಂತು, ಬಿಜಾಪುರದವನು ಒಪ್ಪಿದ ಮೇಲೆ ನನ್ನನ್ನ ಬಿಟ್ಟರು. ಆ ಗಲಾಟೆಯಲ್ಲಿ ಮಳವಳ್ಳಿ ಬಸ್ಸೂ ಹೋಯ್ತು, ಮಾರನೇ ದಿನ ವಿಚಾರಿಸಿದರೆ ರೂಮೂ ಹೋಗಿತ್ತು.

ಮೂರು ಮಹಡಿ

ಬಸ್ ಸ್ಟ್ಯಾಂಡಲ್ಲಿ ಉಪಕಾರ ಮಾಡಿದೋನು ಇದನ್ನೂ ಮಾಡ್ತಾನೆ ಅಂತ ಸೀದಾ ಸೇಟಿನ ಅಂಗಡಿಗೆ ಹೋದೆ. ಮೂರು ಮಹಡಿಯಲ್ಲಿ ಒಂದು ಮೂಲೆ ರೂಮು ಕೇಳಿದೆ.

"ಆಗಲ್ಲ ಯಜಮಾನ್ರೇ. ಅವ್ರು ಮೀನು ತಿಂತಾರೆ. ನಮ್ ಬಿಲ್ಡಿಂಗಲ್ಲಿ ಮೊಟ್ಟೆನೂ ಬೇಯ್ಸಂಗಿಲ್ಲ. ನಿಮ್ ಅಳಿಯ ಕೇಳ್ದಾಗ್ಲೂ ಇಲ್ಲ ಅಂದಿದ್ನಲ್ಲ."

ನೋಡಿದಿರಾ! ನಮ್ಮ ಮಣ್ಣಲ್ಲಿ ಕಟ್ಟಡ ಕಟ್ಟಿ ನಮ್ಮ ಮಟನ್ನಿಗೇ ಜಾಗ ಇಲ್ಲ. ಇರಲಿ ಅಂತ ನುಂಗಿಕೊಂಡೆ. "ನೀವಿಬ್ರೂ ಒಂದೇ ಕಡೆಯೋರು ಕಣಯ್ಯ" ಅಂದೆ.

"ಒಂದೇ ಕಡೆನಾ? ನಮ್ಮೂರಿಂದ ಅವರೂರಿಗೆ ಓಗೋಷ್ಟ್ರಲ್ಲಿ ನೀವು ಕಾಶಿಗೆ ಓಗಿ ಬಂದು ಸಮಾರಾಧ್ನೆ ಮುಗಿಸ್ಬೋದು." ಆಮೇಲೆ ದನಿ ತಗ್ಗಿಸಿ ಹೇಳಿದ: "ನಮ್ಮಪ್ಪಂಗೂ ನಿಮ್ಮೂರಲ್ಲಿ ಯಾರೂ ಮನೆ ಕೊಡ್ಲಿಲ್ಲ. ಇದೇ ಗಲ್ಲಾ ಕೆಳಗೆ ಮಲಗ್ತಿದ್ರು. ಆ ಸಿಟ್ಟಿಗೇ ನಾವು ಮೂರು ಮಹಡಿ ಕಟ್ಟಿದ್ದು."

ನನಗೆ ಕಣ್ಣು ತೇವವಾಯ್ತು. "ಅಷ್ಟು ಗೊತ್ತಿದ್ದ ಮೇಲೆ ಅವ್ನಿಗೊಂದು ರೂಮು ಕೊಡಪ್ಪ."

"ಗೊತ್ತಿರೋದಕ್ಕೇ ಕೊಡಲ್ಲ ಯಜಮಾನ್ರೇ. ಕೊಟ್ಬುಟ್ರೆ ಅವ್ನು ಸಿಟ್ ಮಾಡ್ಕಳದು ಯಾವಾಗ, ಮಹಡಿ ಕಟ್ಟೋದು ಯಾವಾಗ?"

ಡೈರಿ ಮುಂದೆ ನನ್ನ ಭಾಷಣ

ಕೊನೆಗೆ ಉಳಿದಿದ್ದು ನಮ್ಮೂರ ಡೈರಿಯಲ್ಲಿ ಹಾಲು ಅಳೆಯೋ ಹೆಂಗಸು. ವರಸೆಯಲ್ಲಿ ನನಗೆ ನಾದಿನಿ. ಅವಳ ಮನೆ ಪಕ್ಕ ಒಂದು ರೂಮಿದೆ. ಸಾಯಂಕಾಲ ಊರವರೆಲ್ಲ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿರೋ ಹೊತ್ತಲ್ಲಿ, ಬಿಹಾರದವನನ್ನ ಜೊತೆಗೆ ಕರ್ಕೊಂಡು, ನನ್ನ ಕ್ಯಾನೂ ಹಿಡ್ಕೊಂಡು ಹೋದೆ. ಅವನು ಫೋನಲ್ಲಿ ಮಗಳ ಫೋಟೋ ತೆಗೆದು ಅವಳಿಗೆ ತೋರಿಸಿದ. ಎರಡು ಜಡೆ, ಮುಂದಿನ ಹಲ್ಲಿಲ್ಲ.

"ಮೊಗ ಚೆಂದಾಗದೆ" ಅಂದಳು ಅವಳು. "ಆದ್ರೆ ರೂಮಲ್ಲಿ ಬೂಸ ಮೂಟೆ ಆಕಿವ್ನಿ ಕಣ್ ಭಾವ."

ಅಷ್ಟೇ. ಇಷ್ಟು ದಿನ ತಡ್ಕೊಂಡಿದ್ದೆಲ್ಲ ನನ್ನ ಬಾಯಿಂದ ಕಟ್ಟೆ ಒಡೆದ ಹಾಗೆ ಬಂತು. "ಬೂಸಕ್ಕೆ ಮನೆ ಅದೆ, ಮನ್ಸಂಗೆ ಮನೆ ಇಲ್ವಾ? ಇವ್ನು ಕಾಯ್ಸಿದ ಬೆಲ್ಲ ನಿಮ್ ಅಬ್ಬಕ್ಕೆ ಬೇಕು, ಇವ್ನ್ ಮೊಗ ನಿಮ್ ಬೀದೀಲಿ ಆಡ್ಬಾರ್ದು! ಥೂ, ಯಾವ್ ಜನ್ಮದಲ್ಲಿ ಉದ್ಧಾರ ಆದೀರಿ? ನಂಗೇನಾದ್ರೂ ಒಂದು ರೂಮಿದ್ದಿದ್ರೆ, ಸುಣ್ಣ ಬಳ್ದು, ತೋರಣ ಕಟ್ಟಿ, ಇವ್ರ್ ಕಾಲ್ಗೆ ನೀರ್ ಕೊಟ್ಟು ಒಳಕ್ ಕರ್ಕತಿದ್ದೆ!"

ಸಾಲಲ್ಲಿದ್ದ ಇಬ್ಬರು ತಲೆ ತಗ್ಗಿಸಿದರು. ಬಿಹಾರದವನು ನನ್ನನ್ನೇ ದೇವರ ಹಾಗೆ ನೋಡ್ತಿದ್ದ. ನಾದಿನಿ ಮಾತ್ರ ಅಳತೆ ಲೋಟ ಕೆಳಗಿಟ್ಟು, ಸೆರಗಲ್ಲಿ ಕೈ ಒರೆಸ್ಕೊಂಡಳು.

"ಉಸಿರ್ ತಕ ಭಾವ. ಓದ್ ವರ್ಸ ನಿನ್ ಮನೆ ಇತ್ತಲಲ್ಲಿ ಕಟ್ಟುಸ್ದಲ್ಲ, ಎಲ್ಡು ರೂಮು, ಕರೆಂಟು, ನಲ್ಲಿ, ನೆಲಕ್ಕೆ ಟೈಲ್ಸು. ಅದ್ರಲ್ ಯಾರವ್ರೆ?"

"ಅದು... ಕೊಟ್ಗೆ ಕಣವ್ವ."

"ಯಾರವ್ರೆ ಅಂದೆ."

"ಎಮ್ಮೆ."

"ಎಷ್ಟು ಎಮ್ಮೆ?"

ಇಪ್ಪತ್ತು ಅನ್ನಬೇಕು ಅಂತಿದ್ದೆ. ಆದರೆ ದಿನಾ ನನ್ನ ಕ್ಯಾನು ಅಳೆಯೋಳು ಅವಳೇ. "ಒಂದು" ಅಂದೆ.

"ಇನ್ನೊಂದ್ ರೂಮಲ್ಲಿ?"

"ಅದ್ರ ಉಲ್ಲು."

ಕ್ಯಾನು ಹಿಡಿದಿದ್ದ ಸಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಬಿಹಾರದವನು ನಗಲಿಲ್ಲ, ಫೋನನ್ನ ಅವಳ ಕಡೆಯಿಂದ ನಿಧಾನಕ್ಕೆ ನನ್ನ ಕಡೆ ತಿರುಗಿಸಿ ಹಿಡಿದ. ನಾನು ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡೆ.

"ಸರಿ ಬುಡ್ರಪ್ಪ," ಅಂದೆ, "ಎಮ್ಮೇನೂ ಒಂದ್ ಮಾತು ಕೇಳ್ಬೇಕಲ್ವಾ?"