ಪಿ.ಟಿ. ಮೇಡಂ ಸೀರೆ ಉಟ್ಟದ್ದು

ಕೆಲವರಿಗೆ ನಾಯಿ ಕಾಟ, ಕೆಲವರಿಗೆ ನೆಂಟರ ಕಾಟ. ನನಗೆ ಬಟ್ಟೆ ಕಾಟ. ನಾನು ಸುಮ್ಮನಿದ್ದರೂ ಅದು ಸುಮ್ಮನಿರುವುದಿಲ್ಲ. ಎಲ್ಲಾದರೂ ಬಿಗಿಯುತ್ತದೆ, ಎಲ್ಲಾದರೂ ಹರಿಯುತ್ತದೆ, ಇಲ್ಲವೆ ಅಂಗಡಿಯವನ ಬಾಯಿಂದ ಏನಾದರೂ ಅನ್ನಿಸುತ್ತದೆ. ನಾನು ಶ್ರೀನಿವಾಸಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮೈ ದಪ್ಪ. ಈ ಎರಡು ವಿಷಯ ಒಟ್ಟಿಗೆ ಕೇಳಿದವರೆಲ್ಲ ಒಂದು ಸಲ ನಗುತ್ತಾರೆ. ನೀವೂ ನಕ್ಕುಬಿಡಿ, ಆಮೇಲೆ ಮುಂದೆ ಹೋಗೋಣ.

ವರ್ಷವಿಡೀ ನನ್ನದು ಟ್ರ್ಯಾಕ್ ಪ್ಯಾಂಟು, ಟೀ ಶರ್ಟು. ಸೀರೆ ಉಡುವುದು ಆಗಸ್ಟ್ ಹದಿನೈದಕ್ಕೆ, ಅದೂ ಧ್ವಜ ಹಾರುವ ತನಕ. ಅಂಥವಳಿಗೆ ಕಳೆದ ವರ್ಷ ಅಣ್ಣನ ಮಗಳ ಮದುವೆ ಬಂತು.

೧. ಸೋದರಮಾವ

ಹುಡುಗಿ ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಕಂಪನಿ ಬಸ್ಸಿನಿಂದಲೇ ಫೋನಿನಲ್ಲಿ ಕಿರುಚಿದಳು.

"ಅತ್ತೆ, ಮುಳಬಾಗ್ಲಲ್ಲಿ ಛತ್ರ ಬುಕ್ ಆಯ್ತು. ನಂಗೆ ಸೋದರತ್ತೆ ಅಂದ್ರೆ ನೀನೊಬ್ಳೇ. ಸ್ಟೇಜ್ ಮೇಲೆ ನಿಂತ್ಕೋಬೇಕು. ಆ ಪ್ಯಾಂಟಲ್ಲಿ ಬಂದ್ರೆ ನಾನು ತಾಳಿ ಕಟ್ಟಿಸ್ಕೊಳಲ್ಲ, ಈಗ್ಲೇ ಹೇಳಿದೀನಿ."

"ಪ್ಯಾಂಟಲ್ಲಿ ಯಾಕೆ ಬರ್ತೀನಿ ಕಣೇ?"

"ಅಕ್ಕನ ಮದ್ವೆಗೆ ಬಂದಿದ್ಯಲ್ಲ!"

ಅದು ನಿಜ. ಅವಳ ಅಕ್ಕನ ಮದುವೆಯ ದಿನವೇ ತಾಲ್ಲೂಕು ಕ್ರೀಡಾಕೂಟ ಇತ್ತು. ಮಕ್ಕಳನ್ನು ಬಸ್ ಹತ್ತಿಸಿ ನೇರ ಛತ್ರಕ್ಕೆ ಓಡಿದ್ದೆ. ಓಡಿದ್ದೆ ಅಂದರೆ ಆಟೋದಲ್ಲಿ. ತಲೆ ಮೇಲೆ ಕ್ಯಾಪು, ಮೈಮೇಲೆ ಟೀ ಶರ್ಟು, ಮುಖದ ತುಂಬ ಧೂಳು. ಪುರೋಹಿತರಿಗೆ ಕಣ್ಣು ಸ್ವಲ್ಪ ಮಂದ. "ಸೋದರತ್ತೆ ಬನ್ನಿ" ಅಂತ ಕೂಗಿದರು. ನಾನು ಮುಂದೆ ಹೋಗಿ ನಿಂತೆ.

"ಸೋದರಮಾವನ ಕೆಲಸ ಆಮೇಲಿದೆ ಸ್ವಾಮಿ. ಈಗ ಸೋದರತ್ತೆ ಕಳಿಸಿ."

"ನಾನೇ ಸೋದರತ್ತೆ."

ಪಕ್ಕಕ್ಕೆ ಬಂದು, ಕನ್ನಡಕ ಮೇಲೆತ್ತಿ ನೋಡಿದರು. ಆದರೂ ಪೂರ್ತಿ ಧೈರ್ಯ ಬರಲಿಲ್ಲ ಅಂತ ಕಾಣುತ್ತೆ. ನನಗೆ ಕುಂಕುಮವನ್ನೂ ಕೊಟ್ಟರು, ಮಾವನ ಪಂಚೆಯನ್ನೂ ಕೊಟ್ಟರು.

೨. ಫ್ರೀ ಸೈಜು

ಈ ಸಲ ಮರ್ಯಾದೆಯಾಗಿ ಹೋಗೋಣ ಅಂತ ಬಟ್ಟೆ ಹುಡುಕಲು ಹೊರಟೆ. ಜೊತೆಗೆ ನಮ್ಮ ಸ್ಕೂಲಿನ ಹಿಂದಿ ಟೀಚರ್. ಅವಳು ನನ್ನ ಗೆಳತಿ. ಮನೆಯಲ್ಲಿ ದಖನಿ ಉರ್ದು, ಕ್ಲಾಸಿನಲ್ಲಿ ಹಿಂದಿ, ನನ್ನನ್ನು ಬೈಯಲು ಕನ್ನಡ. ಸೀಮೆಸುಣ್ಣದ ಕಡ್ಡಿ ಥರ ತೆಳ್ಳಗಿದ್ದಾಳೆ. ನಾವಿಬ್ಬರೂ ಅಕ್ಕಪಕ್ಕ ನಡೆದರೆ ಮಕ್ಕಳು ಹಿಂದಿನಿಂದ "ಹತ್ತು ಬಂತು, ಹತ್ತು ಬಂತು" ಅನ್ನುತ್ತವೆ. ಅವಳು ಒಂದು, ನಾನು ಸೊನ್ನೆ.

ಅವಳ ತವರು ಮಾಲೂರು. ಅಲ್ಲೊಂದು ಹೊಸ ಅಂಗಡಿಯಲ್ಲಿ ಎಂಥವರಿಗೂ ಗೌನು ಸಿಗುತ್ತೆ ಅಂತ ಕರೆದುಕೊಂಡು ಹೋದಳು. ಅಂಗಡಿಯಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಎಡದಿಂದ ಬಲಕ್ಕೂ ನೋಡಿ, "ಫ್ರೀ ಸೈಜ್ ಇದೆ ಮೇಡಂ. ಯಾರಿಗಾದ್ರೂ ಆಗುತ್ತೆ" ಅಂತ ಮಿಣಿಮಿಣಿ ಹೊಳೆಯುವ ನೀಲಿ ಗೌನು ಕೊಟ್ಟ.

ಟ್ರಯಲ್ ರೂಮು ಅಂದರೆ ಮೂಲೆಗೊಂದು ಪರದೆ. ಗೌನಿನೊಳಗೆ ತಲೆ ಹೋಯಿತು, ಕೈ ಹೋದವು. ಭುಜದ ಹತ್ತಿರ ಬಂದು ಗೌನು ಅಲ್ಲೇ ಠಿಕಾಣಿ ಹೂಡಿತು. ಕೆಳಕ್ಕೂ ಇಳಿಯದು, ಮೇಲಕ್ಕೂ ಬಾರದು. ಎರಡೂ ಕೈ ಮೇಲೆತ್ತಿ, ಮುಖದ ತುಂಬ ಬಟ್ಟೆ ಹೊದ್ದು, ಪೊಲೀಸರಿಗೆ ಶರಣಾದ ಕಳ್ಳನ ಥರ ನಿಂತಿದ್ದೇನೆ.

"ಒಳಗೆ ಬಾರೇ" ಅಂತ ಮೆಲ್ಲಗೆ ಕರೆದೆ.

ಹಿಂದಿ ಟೀಚರ್ ಬಂದಳು. "ಯಾ ಅಲ್ಲಾ!" ಅಂದು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಗೌನು ಹಿಡಿದುಕೊಂಡು ಎಳೆದಳು. ಗೌನು ಬರಲಿಲ್ಲ, ನಾನೇ ಬಂದೆ. ನನ್ನ ಹಿಂದೆ ಪರದೆಯೂ ಬರುವುದರಲ್ಲಿತ್ತು.

ಹೊರಗಿನಿಂದ ಅಂಗಡಿಯಾತ, "ಆಯ್ತಾ ಮೇಡಂ?" ಅಂದ.

"ಆಯ್ತು ಕಣಪ್ಪ. ಈಗ ಅದು ಬಿಡ್ತಾನೇ ಇಲ್ಲ."

ಕೊನೆಗೆ ಅವನ ಹೆಂಡತಿ ಕತ್ತರಿ ತಂದು ನನ್ನನ್ನು ಬಿಡಿಸಿದಳು. ಕತ್ತರಿಸಿದ ಮೇಲೆ ತೆಗೆದುಕೊಳ್ಳದೆ ಹೇಗೆ ಬರುವುದು? ಈಗ ಅದು ನಮ್ಮ ಮನೆಯ ಟಿವಿಗೆ ಹೊದಿಕೆ. ಅದಕ್ಕೆ ಅಳತೆ ತೆಗೆದು ಹೊಲಿದ ಹಾಗೆ ಕೂತಿದೆ.

೩. ಉಸಿರು

ಗೌನಿನ ಕಥೆ ಕೇಳಿ ಅಣ್ಣನ ಮಗಳು ಆನ್‌ಲೈನಿನಲ್ಲಿ ಒಂದು ವಸ್ತು ತರಿಸಿ ಕಳಿಸಿದಳು. ಎದೆಯ ಕೆಳಗಿನಿಂದ ತೊಡೆಯ ತನಕ ಬಿಗಿದು ಹೊಟ್ಟೆಯನ್ನು ಒಳಕ್ಕೆ ತಳ್ಳುವ ಒಳಉಡುಪು.

"ಇದನ್ನ ಹಾಕ್ಕೊಂಡ್ರೆ ಯಾವ್ ಬಟ್ಟೆಯಾದ್ರೂ ಆಗುತ್ತೆ ಅತ್ತೆ. ಮೊದ್ಲು ಒಂದಿನ ಅಭ್ಯಾಸ ಮಾಡ್ಕೋ."

ಅಭ್ಯಾಸ ಮಾಡಿಸುವುದೇ ನನ್ನ ಕಸುಬು. ಟೀ ಶರ್ಟಿನ ಒಳಗೆ ಅದನ್ನು ಹಾಕಿಕೊಂಡು ಸ್ಕೂಲಿಗೆ ಹೋದೆ. ಹೊಟ್ಟೆ ಒಳಗೆ ಹೋಯಿತು, ಸುಳ್ಳು ಹೇಳಬಾರದು. ಆದರೆ ಒಳಗೆ ಹೋದದ್ದು ಎಲ್ಲಾದರೂ ಜಾಗ ಹುಡುಕಬೇಕಲ್ಲ? ಅದು ನೇರ ಗಂಟಲಿಗೆ ಬಂದು ಕೂತಿತು.

ಎಂಟನೇ ಕ್ಲಾಸಿನ ಹುಡುಗಿಯರಿಗೆ ಓಟದ ಪಂದ್ಯ. ಎಲ್ಲರೂ ಗೆರೆಯ ಮೇಲೆ ಬಗ್ಗಿ ನಿಂತರು. ಸೀಟಿ ಬಾಯಿಗಿಟ್ಟು ಊದಿದೆ. ‘ಸುಯ್’ ಅಂತ ಒಂದು ಸದ್ದು ಬಂತು, ಸೈಕಲ್ಲಿನ ಗಾಳಿ ಇಳಿದ ಹಾಗೆ. ಯಾರೂ ಅಲ್ಲಾಡಲಿಲ್ಲ. ಮತ್ತೆ ಊದಿದೆ. ಈ ಸಲ ಅದೂ ಬರಲಿಲ್ಲ.

"ಮಿಸ್, ಸೊಂಟ ನೋಯ್ತಿದೆ. ಓಡೋದಾ ಬೇಡ್ವಾ?" ಅಂತ ಒಬ್ಬಳು ಕೇಳಿದಳು.

ಮಾತಾಡಲು ಉಸಿರಿಲ್ಲ. ಓಡಿ ಅಂತ ಕೈ ಬೀಸಿದೆ. ಅವರು ‘ಮನೆಗೆ ಹೋಗಿ’ ಅಂದೆ ಅಂದುಕೊಂಡು ಬ್ಯಾಗು ಎತ್ತಿಕೊಂಡು ಓಡಿದರು. ಅಂಥಾ ಓಟವನ್ನು ನಾನು ಆ ಮಕ್ಕಳಿಂದ ಹಿಂದೆಂದೂ ಕಂಡಿರಲಿಲ್ಲ.

ಸ್ಟಾಫ್ ರೂಮಿಗೆ ಹೋಗಿ ಆ ಬಂಧನದಿಂದ ಬಿಡುಗಡೆಯಾಗಿ ಹೊರಗೆ ಬಂದರೆ ಎದುರಿಗೇ ಹೆಡ್‌ಮಾಸ್ಟರು. ಬೈಯುತ್ತಾರೆ ಅಂದುಕೊಂಡೆ. ಅವರ ಮುಖ ಹಾಲು ಕುಡಿದ ಹಾಗಿತ್ತು.

"ಏನ್ ಮೇಡಂ, ಇವತ್ತು ಗ್ರೌಂಡಿಂದ ಒಂದು ಸದ್ದಿಲ್ಲ! ಪಾಠ ಮಾಡಕ್ಕೆ ಎಷ್ಟು ಹಾಯಾಗಿತ್ತು ಗೊತ್ತಾ? ಅದೇನ್ ಮಾಡಿದ್ರೋ, ದಿನಾ ಹಾಗೇ ಮಾಡಿ."

೪. ದೊಡ್ಡ ಅಂಚು

ಇನ್ನು ಸೀರೆಯೇ ಗತಿ ಅಂತ ಕೋಲಾರಕ್ಕೆ ಹೋದೆವು. ಅಂಗಡಿಯವನು ಭಾರೀ ಮಾತುಗಾರ. ಇಡೀ ಮಧ್ಯಾಹ್ನ ‘ದಪ್ಪ’ ಅನ್ನುವ ಪದ ಅವನ ಬಾಯಲ್ಲಿ ಬರಲಿಲ್ಲ. "ನಿಮ್ಮ ಪರ್ಸನಾಲಿಟಿಗೆ" ಅಂದ, "ನಿಮ್ಮಂಥ ಹೆಲ್ದಿಯಾಗಿರೋರಿಗೆ" ಅಂದ, ಒಂದು ಸಲ "ನಿಮ್ ಥರ ಅನುಕೂಲಸ್ಥರಿಗೆ" ಅಂತಲೂ ಅಂದ.

"ಕಪ್ಪು ಬಣ್ಣ ಉಟ್ರೆ ಅರ್ಧ ಇಳಿದುಬಿಡ್ತೀರಿ ಮೇಡಂ. ಉದ್ದುದ್ದ ಗೆರೆ ಇದ್ರೆ ಇನ್ನರ್ಧ ಇಳೀತೀರಿ."

"ಎರಡೂ ಇರೋ ಸೀರೆ ಕೊಟ್ರೆ ಮದ್ವೇಲಿ ಸೋದರತ್ತೆನೇ ಇರಲ್ವಲ್ಲಪ್ಪ?"

ಅವನು ನಗಲಿಲ್ಲ. ಕಪ್ಪು ಗೆರೆಯ ಸೀರೆಯನ್ನು ತನ್ನ ಮೈಗೇ ಸುತ್ತಿಕೊಂಡು, ಸೆರಗು ಹೊದ್ದು, ಸೊಂಟದ ಮೇಲೆ ಕೈ ಇಟ್ಟು ಒಂದು ಸುತ್ತು ತಿರುಗಿದ. "ನೋಡಿ, ಎಷ್ಟು ಸ್ಲಿಮ್ಮಾಗಿ ಕಾಣುತ್ತೆ!"

ನಿಜಕ್ಕೂ ಲಕ್ಷಣವಾಗಿದ್ದ. "ನಿಂಗೇ ಒಪ್ಪುತ್ತೆ, ನೀನೇ ಇಟ್ಕೋ" ಅಂದೆ.

ಅಷ್ಟರಲ್ಲಿ ನನ್ನ ಕಣ್ಣು ಮೇಲಿನ ಬೀರುವಿಗೆ ಹೋಯಿತು. ಇಟ್ಟಿಗೆ ಬಣ್ಣದ ರೇಷ್ಮೆ ಸೀರೆ, ಗೇಣಗಲ ಜರಿ ಅಂಚು. ಬಟ್ಟೆಯ ಮೇಲೆ ನನಗೆ ಆಸೆ ಅಂತ ಹುಟ್ಟಿದ್ದು ಅದೇ ಮೊದಲು. ತೆಗೆಸಿದೆ. ಅಂಗಡಿಯವನು ಗಾಬರಿಯಾದ.

"ಅದು ಬೇಡ ಮೇಡಂ. ದೊಡ್ಡ ಅಂಚು. ನೀವು ಇನ್ನೂ ದೊಡ್ಡದಾಗಿ ಕಾಣ್ತೀರ."

ನಾನು ಸೀರೆ ಕೆಳಗಿಡುವುದರಲ್ಲಿದ್ದೆ. ಹಿಂದಿ ಟೀಚರಿಗೆ ರೇಗಿಹೋಯಿತು. ನನ್ನ ಕೈಯಿಂದ ಸೀರೆ ಕಿತ್ತು ನನ್ನ ಹೆಗಲ ಮೇಲೆ ಹಾಕಿದಳು.

"ಅವಳು ಇರೋದೇ ದೊಡ್ಡದಾಗಿ, ಏನ್ ಬಚ್ಚಿಡಕ್ಕಾಗುತ್ತೆ? ಆನೆ ಮೇಲೆ ಅಂಬಾರಿ ಇಡ್ತಾರಾ, ಕರ್ಚೀಫ್ ಇಡ್ತಾರಾ?"

೫. ಕೈ ಮೇಲೆ

ರವಿಕೆ ಹೊಲಿಯುವ ಟೈಲರಮ್ಮ ಆಂಧ್ರದ ಗಡಿ ಕಡೆಯವಳು. ಅರ್ಧ ಕನ್ನಡ, ಅರ್ಧ ತೆಲುಗು, ದನಿ ಮಾತ್ರ ಪೂರ್ತಿ. ಅಳತೆ ತೆಗೆದು ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಕೂಗಿ ಬರೆದುಕೊಂಡಳು. ಸ್ವಲ್ಪ ಹೊತ್ತಿಗೆ ತಲೆ ಕೆರೆದುಕೊಳ್ಳುತ್ತಾ, "ಮೇಡಂ, ಇದು ಎದೆನಾ ಸೊಂಟನಾ? ರೆಂಡೂ ಒಕಟೇ, ಎರಡೂ ಒಂದೇ ಇದೆ" ಅಂದಳು.

"ನಿಂಗ್ಯಾವುದು ಬೇಕೋ ಅದು ಅಂದ್ಕೊಳಮ್ಮ" ಅಂದೆ.

ರವಿಕೆ ತಯಾರಾದ ಮೇಲೆ ಹಾಕಿಸಿ ನೋಡಿದಳು. ಚೆನ್ನಾಗಿಯೇ ಇತ್ತು. ಆದರೆ ನನ್ನ ಬುದ್ಧಿ ಎಲ್ಲಿ ಹೋಗುತ್ತೆ? ಬಟ್ಟೆ ಸರಿಯಿದೆಯಾ ಅಂತ ನೋಡಲು, ಡ್ರಿಲ್ಲಿನಲ್ಲಿ ಮಾಡಿಸುವ ಹಾಗೆ ‘ಕೈ ಮುಂದೆ, ಕೈ ಮೇಲೆ’ ಅಂತ ಮಾಡಿದೆ. ಪಟ್ ಅಂತ ಒಂದು ಹುಕ್ಕು ಹಾರಿ, ಇಸ್ತ್ರಿ ಪೆಟ್ಟಿಗೆಗೆ ಠಣ್ ಅಂತ ಹೊಡೆಯಿತು. ಟೈಲರಮ್ಮ ಮಿಷನ್ನಿನ ಹಿಂದೆ ಬಗ್ಗಿಕೊಂಡಳು.

"ಏಮಮ್ಮಾ! ನೀವು ಮದ್ವೇಲಿ ಅಕ್ಷತೆ ಹಾಕ್ತೀರಾ, ಗುಂಡು ಎಸೀತೀರಾ?"

"ತೋಳು ಸ್ವಲ್ಪ ಸಡಿಲ ಮಾಡಮ್ಮ."

"ಬಟ್ಟೆನೇ ಇಲ್ಲ, ಎಲ್ಲಾ ನೀವೇ ತಿಂದ್ಬಿಟ್ರಿ. ಹುಕ್ಕು ಗಟ್ಟಿಯಾಗಿ ಹಾಕ್ಕೊಡ್ತೀನಿ. ಕೈ ಎದೆ ತನಕ ಬರುತ್ತಲ್ಲಾ? ನಮಸ್ಕಾರ ಮಾಡಕ್ಕೆ ಅಷ್ಟು ಸಾಕು. ಅದಕ್ಕಿಂತ ಮೇಲೆ ನಿಮ್ಮ ಕೈಗೆ ಏನ್ರೀ ಕೆಲ್ಸ?"

೬. ದೊಡ್ಡ ಮೇಡಂ

ಮದುವೆಯ ಬೆಳಿಗ್ಗೆ ಹಿಂದಿ ಟೀಚರ್ ಮನೆಗೆ ಬಂದು ಸೀರೆ ಉಡಿಸಿದಳು. ನೆರಿಗೆ ಹಿಡಿದು, ಪಿನ್ನು ಚುಚ್ಚಿ, ಮಲ್ಲಿಗೆ ಮುಡಿಸಿ, ನನ್ನನ್ನು ಕನ್ನಡಿಯ ಕಡೆಗೆ ತಿರುಗಿಸಿದಳು. ಕನ್ನಡಿಯಲ್ಲಿದ್ದ ಹೆಂಗಸು ತೆಳ್ಳಗೇನೂ ಇರಲಿಲ್ಲ. ಆದರೆ ಚೆನ್ನಾಗಿದ್ದಳು.

"ಕ್ಯಾ ದೇಖ್‌ರೀ? ಹಂಗೇನ್ ನೋಡ್ತೀಯ, ನೀನೇ ಕಣೇ ಅದು" ಅಂದಳು.

ಅವಳ ಗಂಡನ ಬಿಳಿ ಕಾರಿನಲ್ಲಿ ಮುಳಬಾಗಿಲಿಗೆ ಹೋದೆವು. ಛತ್ರದ ಮುಂದೆ ಕಾರು ನಿಂತಿತು. ರವಿಕೆಯ ಬಿಗಿಗೆ ನಾನು ಬಗ್ಗುವಂತಿಲ್ಲ, ಹಾಗಾಗಿ ಬಿಳಿ ಶರ್ಟು ಹಾಕಿದ್ದ ಆ ಪುಣ್ಯಾತ್ಮ ಓಡಿಬಂದು ಬಾಗಿಲು ತೆಗೆದ. ಹಿಂದಿ ಟೀಚರ್ ನನ್ನ ಬ್ಯಾಗು, ಫೋನು ಹಿಡಿದು ಹಿಂದೆ ನಿಂತಳು. ನೆರಿಗೆ ತುಳಿದೇನು ಅಂತ ನಾನು ಒಂದೊಂದೇ ಹೆಜ್ಜೆ ಇಟ್ಟೆ. ಕೈ ಎದೆಗಿಂತ ಮೇಲೆ ಹೋಗದು, ಕೆಳಗೆ ಬಿಟ್ಟರೆ ಸೆರಗು ಜಾರುತ್ತೆ. ಎದೆಯ ಹತ್ತಿರವೇ ಜೋಡಿಸಿಕೊಂಡು ನಡೆದೆ.

ಗಂಡಿನ ಕಡೆಯವರು ಯಾರೋ ದೊಡ್ಡ ರಾಜಕಾರಣಿಯಮ್ಮನನ್ನು ಕರೆದಿದ್ದರಂತೆ. ಬಾಗಿಲಲ್ಲಿದ್ದವರು ಯಾರೂ ಆಕೆಯ ಮುಖ ನೋಡಿರಲಿಲ್ಲವಂತೆ. ನನ್ನನ್ನು ಕಂಡದ್ದೇ ತಡ, "ಮೇಡಂ ಬಂದ್ರು! ದಾರಿ ಬಿಡ್ರೋ!" ಅಂತ ಒಬ್ಬ ಕೂಗಿದ. ವಾದ್ಯದವರು ಜೋರು ಮಾಡಿದರು. ಹೆಗಲಿಗೆ ಶಾಲು, ಕತ್ತಿಗೆ ಹಾರ, ತಲೆಗೆ ಪೇಟ.

"ರೀ, ನಾನು ಪಿ.ಟಿ. ಟೀಚರ್!" ಅಂದೆ. ಡೋಲಿನ ಸದ್ದಿನಲ್ಲಿ ಯಾರಿಗೆ ಕೇಳುತ್ತೆ?

ಹಿಂದಿ ಟೀಚರ್ ನನ್ನ ಕಿವಿಯಲ್ಲಿ, "ಬಾಯ್ಮುಚ್ಚು. ಬಾದಾಮಿ ಹಾಲು ಬರ್ತಿದೆ" ಅಂದಳು.

ಮುಂದಿನ ಸೋಫಾದಲ್ಲಿ ಕೂರಿಸಿದರು. ಒಬ್ಬ ಅಜ್ಜ ಬಂದು ಕೈಮುಗಿದ. ನಂಗಲಿ ಹತ್ತಿರದ ಹಳ್ಳಿಯವನು.

"ತಾಯೀ, ನಮ್ಮೂರ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆ. ಬೋರ್ ಓಡ್ತಿಲ್ಲ, ಟಮಾಟ ಒಣಗ್ತಿದೆ. ತಾವು ಒಂದ್ ಮಾತು ಹೇಳ್ಬೇಕು."

"ಅಜ್ಜ, ನಾನು ಬರೀ ಟೀಚರಪ್ಪ."

"ದೊಡ್ಡೋರು ಹಂಗೇ ಅನ್ನೋದು ತಾಯಿ."

ಈ ಮೈ ನೋಡಿ ಅನ್ನ ಕಡಿಮೆ ಮಾಡಿ ಅಂದವರಿದ್ದಾರೆ, ಬಿಸಿನೀರು ಕುಡಿಯಿರಿ ಅಂದವರಿದ್ದಾರೆ. ಕೈಮುಗಿದು ಅಹವಾಲು ಹೇಳಿಕೊಂಡವರು ಒಬ್ಬರೂ ಇರಲಿಲ್ಲ. ಅವನ ಮುಖ ನೋಡಿ ನನ್ನ ಬಾಯಿಂದ ತಾನಾಗಿಯೇ ಬಂತು: "ಆಯ್ತು, ನೋಡೋಣ."

ಸ್ಟೇಜಿನ ಮೇಲೆ ಅಣ್ಣನ ಮಗಳು ನನ್ನನ್ನು ನೋಡಿ ಬಾಯಿ ತೆರೆದಳು. "ಅತ್ತೆ, ಎಷ್ಟ್ ಚೆನ್ನಾಗಿದ್ದೀಯೇ! ಅದ್ಸರಿ, ಪೇಟ ಯಾಕೆ?" ಪಕ್ಕದಲ್ಲಿದ್ದ ಬೀಗರಿಗೆ ಆಗ ವಿಷಯ ಗೊತ್ತಾಯಿತು. ಪಾಪ, ಶಾಲು ವಾಪಸ್ ಕೇಳಲು ಅವರಿಗೆ ಬಾಯಿ ಬರಲಿಲ್ಲ. ಕೊಡಲು ನನಗೂ ಮನಸ್ಸು ಬರಲಿಲ್ಲ. ಅಜ್ಜ ಮಾತ್ರ ಊಟ ಮಾಡಿ ಆಗಲೇ ಊರಿಗೆ ಹೊರಟುಹೋಗಿದ್ದ.

ಸ್ವಲ್ಪ ದಿನವಾದ ಮೇಲೆ ಸ್ಕೂಲಿನ ಗ್ರೌಂಡಿನಲ್ಲಿ ಖೋಖೋ ಅಂಕಣಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕುತ್ತಿದ್ದೆ. ಮುಖ, ಮೈ ಎಲ್ಲ ಬಿಳಿ. ಗೇಟಿನಲ್ಲಿ ಅದೇ ಅಜ್ಜ! ಕಂಕುಳಲ್ಲಿ ಒಂದು ಕೊಬ್ಬಿದ ನಾಟಿ ಹುಂಜ.

"ಏನಮ್ಮಾ, ಛತ್ರದೋರನ್ನ ಕೇಳಿದ್ರೆ ಇಲ್ಲಿ ದೊಡ್ಡ ಮೇಡಂ ಸಿಗ್ತಾರೆ ಅಂದ್ರು. ಎಲ್ಲಿದ್ದಾರೆ?"

"ಯಾವ ಮೇಡಂ ಅಜ್ಜ?"

"ಅದೇ, ನೋಡಕ್ಕೆ ಲಕ್ಷ್ಮಿ ಹಂಗಿದ್ದಾರಲ್ಲ, ಅವರು. ಒಂದೇ ಒಂದ್ ಮಾತು ಹೇಳಿದ್ರು, ವಾರದಾಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂದ್ಬಿಡ್ತು. ಟಮಾಟ ಉಳ್ಕೊಂತು ಕಣಮ್ಮ."

ನಾನು ಯಾರಿಗೂ ಒಂದು ಮಾತು ಹೇಳಿರಲಿಲ್ಲ, ದೇವರಾಣೆ. ಆದರೂ "ಅಜ್ಜ, ಆ ಮೇಡಂ ನಾನೇ" ಅಂದೆ.

ಅಜ್ಜ ನನ್ನನ್ನು ನೋಡಿದ. ಆಮೇಲೆ ಇದ್ದೆರಡು ಹಲ್ಲೂ ಕಾಣುವ ಹಾಗೆ ನಕ್ಕ. "ಸುಮ್ನಿರು ತಾಯಿ, ವಯಸ್ಸಾದೋನ ಹತ್ರ ತಮಾಷೆ ಮಾಡ್ಬೇಡ."

ಸುತ್ತ ಬೇರೆ ಯಾರೂ ಇರಲಿಲ್ಲ. ಅಜ್ಜನಿಗೆ ಊರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಹುಂಜವನ್ನು ನನ್ನ ಕೈಗಿಟ್ಟ. ಆದರೆ ಅದರ ಕಾಲಿನ ದಾರ ಬಿಡಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಇನ್ನೊಂದು ಸಲ ನೋಡಿದ.

"ಇದು ಮೇಡಂಗೇ ಮುಟ್ಟಬೇಕು ಕಣಮ್ಮ. ನಿನ್ ಮೈ ನೋಡಿದ್ರೆ ನಂಗ್ಯಾಕೋ ನಂಬಿಕೆ ಬರ್ತಿಲ್ಲ."

"ಮೇಡಂ ಹೊಟ್ಟೆಗೇ ಸೇರಿಸ್ತೀನಿ ಅಜ್ಜ, ನೀವು ಚಿಂತೆ ಬಿಡಿ" ಅಂದೆ.

ಭಾನುವಾರ ಹಿಂದಿ ಟೀಚರ್ ಮನೆಯಲ್ಲಿ, ಬಿರಿಯಾನಿ ಮುಂದೆ ಕೂತು, ಕೊಟ್ಟ ಮಾತು ಉಳಿಸಿಕೊಂಡೆ.