ಪಿಟೀಲಪ್ಪನವರು ಮಧ್ಯಕ್ಕೆ ಕೂತದ್ದು

ಆದದ್ದು ಇಷ್ಟೇ: ವಿದ್ವಾಂಸರ ಗಂಟಲು ಕಟ್ಟಿತು. ಹಿಂದಿನ ದಿನ ಯಾರದೋ ಮನೆಯಲ್ಲಿ ಒತ್ತಾಯಕ್ಕೆ ಕಟ್ಟುಬಿದ್ದು ಎರಡು ಬಟ್ಟಲು ಐಸ್‌ಕ್ರೀಮ್ ತಿಂದಿದ್ದರಂತೆ. ಬೆಳಿಗ್ಗೆ ಎದ್ದು ಬಾಯಿ ತೆರೆದರೆ ತುಕ್ಕು ಹಿಡಿದ ಬಾಗಿಲಿನ ಸದ್ದು ಬಂತು. ಸಂಜೆ ಸಂಗೀತ ಸಭೆಯಲ್ಲಿ ಅವರದೇ ಕಛೇರಿ. ಟಿಕೆಟ್ಟುಗಳೆಲ್ಲ ಖರ್ಚಾಗಿದ್ದವು. ಸಭೆಯ ಕಾರ್ಯದರ್ಶಿ ತನಗೆ ಗೊತ್ತಿದ್ದ ಗಾಯಕರಿಗೆಲ್ಲ ಫೋನ್ ಮಾಡಿ, ಎಲ್ಲರಿಂದಲೂ ಇಲ್ಲ ಎನ್ನಿಸಿಕೊಂಡು, ಗತಿಯಿಲ್ಲದೆ ಪಿಟೀಲಪ್ಪನವರಿಗೆ ಫೋನ್ ಮಾಡಿದ.

ಪಿಟೀಲಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಅವರ ಹೆಂಡತಿಗೂ ತಟ್ಟನೆ ನೆನಪಾಗುವುದಿಲ್ಲ. ಮೀಸೆ ಕಪ್ಪಗಿದ್ದಾಗ ವಿದ್ವಾಂಸರ ಎಡಗಡೆ ಪಿಟೀಲು ಹಿಡಿದು ಕೂತವರು ಮೀಸೆ ಬೆಳ್ಳಗಾದರೂ ಅಲ್ಲಿಂದ ಎದ್ದಿರಲಿಲ್ಲ. ವಿದ್ವಾಂಸರು ಹಾಡಿದ್ದನ್ನು ಅವರ ಹಿಂದೆಯೇ ನುಡಿಸಬೇಕು, ಚೆನ್ನಾಗಿ ನುಡಿಸಬೇಕು, ಆದರೆ ಅವರಿಗಿಂತ ಚೆನ್ನಾಗಿ ನುಡಿಸಬಾರದು. ಪಕ್ಕವಾದ್ಯದವನ ಧರ್ಮವೆಂದರೆ ಇಷ್ಟೇ. ಪೋಸ್ಟರಿನಲ್ಲಿ ವಿದ್ವಾಂಸರ ಹೆಸರು ಅಷ್ಟಗಲ. ಇವರದು ಕೆಳಗೆ, ಮುದ್ರಣಾಲಯದ ವಿಳಾಸದ ಅಕ್ಷರದಲ್ಲಿ. ಒಮ್ಮೆ ಅದನ್ನೂ ಅಚ್ಚು ಹಾಕಲು ಮರೆತಿದ್ದರು. ಪಿಟೀಲಪ್ಪನವರೇ ಹೋಗಿ ಹೇಳುವವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ನೀವೇ ಮಧ್ಯ ಕೂತು ತನಿ ಪಿಟೀಲು ನುಡಿಸಿಬಿಡಿ ಸಾರ್," ಎಂದ ಕಾರ್ಯದರ್ಶಿ. "ಚೆನ್ನಾಗಾದ್ರೆ ಪ್ರತಿ ವರ್ಷ ಒಂದು ಸಂಜೆ ನಿಮ್ಮ ಹೆಸರಲ್ಲೇ ಇಟ್ಕೊಳ್ಳೋಣ."

ಫೋನ್ ಇಟ್ಟ ಪಿಟೀಲಪ್ಪನವರು ಗೋಡೆಗೆ ಒರಗಿ ಕೂತುಬಿಟ್ಟರು. ಈ ಒಂದು ಸಂಜೆಗಾಗಿ ಅವರು ಜನ್ಮವಿಡೀ ಕಾದಿದ್ದರು. ಯಾರ ಹಿಂದೆಯೂ ಹೋಗದೆ, ಯಾರಿಗೂ ಕಾಯದೆ, ತಮ್ಮ ಕೈಯಲ್ಲಿ ಏನಿದೆಯೋ ಅದನ್ನು ನಾಲ್ಕು ಜನರ ಮುಂದೆ ಇಟ್ಟು ಸಾಯಬೇಕು ಎನ್ನುವುದೊಂದೇ ಅವರ ಆಸೆ. ವಿದ್ವಾಂಸರಿಗೆ ಕಾಯಿಲೆಯಾಯಿತಲ್ಲ ಎಂದು ಮರುಗಲು ಪ್ರಯತ್ನಪಟ್ಟರು, ಆಗಲಿಲ್ಲ. ಮನಸ್ಸು ಕುಣಿಯುತ್ತಿತ್ತು.

ಹೆಂಡತಿ ಸುದ್ದಿಯನ್ನು ಮಹಡಿ ಮೆಟ್ಟಿಲಿನ ಉದ್ದಕ್ಕೂ ಹಂಚಿದರು. ಕೆಳಗಿನ ಮನೆಯ ದರ್ಜಿ ಟೇಪು ಕೊರಳಿಗೆ ಹಾಕಿಕೊಂಡೇ ಓಡಿಬಂದ. ಇನ್ನು ಮನೆಯೊಳಗೆ ಹೆಂಡತಿಯ ತಮ್ಮನಿದ್ದ. ಎರಡು ದಿನಕ್ಕೆಂದು ಬಂದು ಆರು ತಿಂಗಳಿಂದ ತಳವೂರಿದ್ದ ಈ ಭಾವಮೈದುನ ಮೊದಲು ಯಾವುದೋ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವನು. ಧೂಳು ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ.

ಪಿಟೀಲಪ್ಪನವರು ಸ್ನಾನಕ್ಕೆ ಹೋದಾಗ ಅವನು ಪಿಟೀಲಿನ ಪೆಟ್ಟಿಗೆ ತೆರೆದ. ನೋಡಿದರೆ ಕಮಾನಿನ ಕೂದಲ ತುಂಬ ಬಿಳಿ ಪುಡಿ. ಅಂಥ ದೊಡ್ಡ ಕಛೇರಿಗೆ ಹೋಗುವ ಸಾಮಾನು ಹೀಗೆ ಧೂಳು ಹಿಡಿದಿರುವುದೇ? ಬಟ್ಟೆ ತಂದು ತಿಕ್ಕಿ ತಿಕ್ಕಿ ಒರೆಸಿದ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ದರ್ಜಿ ತನ್ನ ಕಡೆಯದೂ ಒಂದು ಸೇವೆಯಿರಲಿ ಎಂದು ಹೊಲಿಗೆ ಯಂತ್ರದ ಎಣ್ಣೆ ತಂದುಕೊಟ್ಟ. ಇಬ್ಬರೂ ಸೇರಿ ಕಮಾನಿನ ಕೂದಲಿಗೆ ಮದುವೆಯ ಹೆಣ್ಣಿಗೆ ಹಚ್ಚಿದಂತೆ ಎಣ್ಣೆ ಹಚ್ಚಿದರು.

"ಭಾವ, ನೋಡಿ ಹೇಗೆ ಹೊಳೀತಿದೆ," ಎಂದ ಭಾವಮೈದುನ.

ಆ ಬಿಳಿ ಪುಡಿ ಧೂಳಲ್ಲ, ರಾಳ. ಅದಿದ್ದರೆ ಮಾತ್ರ ಕಮಾನು ತಂತಿಯನ್ನು ಹಿಡಿಯುವುದು, ತಂತಿ ದನಿ ಬಿಡುವುದು. ಪಿಟೀಲಪ್ಪನವರು ಕಮಾನು ಎಳೆದರು. ಅದು ತಂತಿಯ ಮೇಲೆ ಸುಯ್ಯೆಂದು ಜಾರಿತು. ಇನ್ನೊಮ್ಮೆ ಎಳೆದರು. ವಿದ್ವಾಂಸರ ಗಂಟಲಿನಷ್ಟು ಸದ್ದೂ ಬರಲಿಲ್ಲ.

ಹೆಂಡತಿ ತಮ್ಮನನ್ನು ಬಿಟ್ಟುಕೊಡುವವರಲ್ಲ. ಎಣ್ಣೆ ತಾನೇ, ತೊಳೆದರೆ ಹೋಗುತ್ತದೆ ಎಂದು ಕಮಾನನ್ನು ಸೋಪಿನ ನೀರಿನಲ್ಲಿ ಅದ್ದಿ ತೊಳೆದೇಬಿಟ್ಟರು. ಎಣ್ಣೆ ಹೋಯಿತು, ಕೂದಲೆಲ್ಲ ಒಂದಕ್ಕೊಂದು ಅಂಟಿ ಒದ್ದೆ ಬಾಲವಾಯಿತು. ಸಂಜೆಯೊಳಗೆ ಒಣಗುವುದು ಹೇಗೆ? ದರ್ಜಿ, "ಕೊಡಿ ಸಾರ್, ಒಂದೇ ಒಂದು ಸಲ ಇಸ್ತ್ರಿ ಹಾಕ್ತೀನಿ," ಎಂದ. ಬೇಡ ಎನ್ನಬೇಕಿತ್ತು ಪಿಟೀಲಪ್ಪನವರು. ಆದರೆ ಒಬ್ಬರು ಶುರು ಮಾಡಿದ್ದನ್ನು ನಡುವೆ ನಿಲ್ಲಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಕೆಳಗಿನಿಂದ ಕೂದಲು ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಸುರುಟಿಹೋದ ಕಮಾನನ್ನು ಹಿಡಿದು ದರ್ಜಿಯೂ ಬಂದ. ಉಣ್ಣೆಯ ಹಾಗೆ ತಡೆಯುತ್ತದೆ ಅಂದುಕೊಂಡಿದ್ದನಂತೆ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರೆ. ಪಿಟೀಲಪ್ಪನವರು ಕಣ್ಣು ಬಿಟ್ಟುಕೊಂಡೇ ಇದ್ದರು, ಎಣ್ಣೆಯೇ ಅವರ ಪಾಲಿಗೆ ಶನಿಯಾಗಿತ್ತು. ವಾದ್ಯದ ಅಂಗಡಿಗೆ ಅಂದು ರಜೆ. ಊರಿನಲ್ಲಿ ಅವರಿಗೆ ಗೊತ್ತಿದ್ದ ಇನ್ನೊಂದು ಕಮಾನೆಂದರೆ ವಿದ್ವಾಂಸರ ಮನೆಯ ಗಾಜಿನ ಬೀರುವಿನೊಳಗಿದ್ದದ್ದು. ಯಾರೋ ಅಭಿಮಾನಿ ಕೊಟ್ಟ ಪಿಟೀಲಿನ ಜೊತೆ ಅದು ಬರೀ ಅಲಂಕಾರಕ್ಕೆ ಕೂತಿತ್ತು.

ವಿದ್ವಾಂಸರು ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡು ಮಲಗಿದ್ದರು. ಕಛೇರಿ ರದ್ದಾಗಿದೆಯೆಂದೇ ಅವರು ನಂಬಿದ್ದರು. ತಾವಿಲ್ಲದೆಯೂ ಅದು ನಡೆಯುತ್ತದೆ ಎಂದು ತಿಳಿದದ್ದೇ ತಡ, ಮಲಗಿದ್ದವರು ಎದ್ದು ಕೂತರು. ಪಿಟೀಲಪ್ಪನವರನ್ನು ಹೊಸದಾಗಿ ನೋಡುವವರಂತೆ ನೋಡಿದರು. ಆಮೇಲೆ ತಾವೇ ಬೀರು ತೆರೆದು ಕಮಾನು ಕೊಟ್ಟು, ಕೀರಲು ದನಿಯಲ್ಲಿ, "ನಾನೂ ಬರ್ತೀನಿ ಕಣಯ್ಯಾ. ಮುಂದಿನ ಸಾಲಲ್ಲೇ ಕೂತಿರ್ತೀನಿ. ನಿನಗೆ ಧೈರ್ಯ," ಎಂದರು.

ಅವರಿಲ್ಲದ ಒಂದೇ ಒಂದು ಸಂಜೆ ಬೇಕು ಎಂದಿದ್ದ ಪಿಟೀಲಪ್ಪನವರು ಕೈಮುಗಿದು, ಅದು ನನ್ನ ಭಾಗ್ಯ ಎಂದರು. ಬೇರೆ ಏನು ಹೇಳಲು ಬರುತ್ತದೆ, ಕಮಾನು ಅವರದು.

ಸಂಜೆ ವೇದಿಕೆ ಹತ್ತಿದವರು ನೇರವಾಗಿ ಹೋಗಿ ಎಡಗಡೆ ಕೂತರು. ಬಲಗಡೆ ಮೃದಂಗದವರು. ಮಧ್ಯದ ಜಾಗ ಖಾಲಿ. ಜನ ಮುಸಿಮುಸಿ ನಕ್ಕರು. ಮೃದಂಗದವರು ಕಣ್ಣಿನಲ್ಲೇ ಸನ್ನೆ ಮಾಡಿದ ಮೇಲೆ ಪಿಟೀಲಪ್ಪನವರು ಕೂತಲ್ಲಿಂದಲೇ ತೆವಳಿ ಮಧ್ಯಕ್ಕೆ ಬಂದರು. ಶ್ರುತಿಪೆಟ್ಟಿಗೆ ಗುಂಯ್ಗುಡುತ್ತಿತ್ತು. ಪಿಟೀಲು ಶ್ರುತಿ ಮಾಡಿಕೊಂಡರು. ರಾಳ ತಿಕ್ಕಿ ತಂದಿದ್ದ ಕಮಾನು ಎತ್ತಿ ಹಿಡಿದರು. ಕಾದರು. ಮೃದಂಗದವರೂ ಕಾದರು. ಸಭೆಯೂ ಕಾಯಿತು. ಶುರು ಮಾಡಬೇಕಾದವರು ತಾವೇ ಎನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಆಗ ಮುಂದಿನ ಸಾಲಿನಲ್ಲಿ ವಿದ್ವಾಂಸರು, ಪಾಪ ನಿಜವಾಗಿಯೇ ಗಂಟಲು ಕೆರೆದು, ಕೆಮ್ಮಿದರು. ಪ್ರತಿ ಕಛೇರಿಗೂ ಮುಂಚೆ ಅವರು ಕೆಮ್ಮುವುದು ರೂಢಿ. ಪಿಟೀಲಪ್ಪನವರ ಕೈ ತಾನಾಗಿ ಓಡಿತು.

ಆಮೇಲೆ ಸುಖವೇ ಸುಖ. ರಾಗ ಬಿಚ್ಚಿಕೊಂಡಿತು, ಕೈ ಹಗುರವಾಯಿತು. ಕೊಂಚ ಹೊತ್ತು ಪಿಟೀಲಪ್ಪನವರು ಭಾವಮೈದುನನನ್ನೂ ಮರೆತರು, ವಿದ್ವಾಂಸರನ್ನೂ ಮರೆತರು. ಮೆಟ್ಟಿಲು ಮೆಟ್ಟಿಲಾಗಿ ಏರಿ ಮೇಲಿನ ಷಡ್ಜಕ್ಕೆ ಬಂದರು.

ಅಲ್ಲಿ ಬೆರಳು ಒಂದು ಕೂದಲೆಳೆ ಕೆಳಗೇ ನಿಂತುಬಿಟ್ಟಿತು.

ಅದಕ್ಕೊಂದು ಕಾರಣವಿದೆ. ವಿದ್ವಾಂಸರಿಗೆ ಆ ಸ್ವರ ಎಂದೂ ಪೂರ್ತಿ ಎಟುಕಿದ್ದಿಲ್ಲ. ಪಿಟೀಲು ಸರಿಯಾದ ಜಾಗದಲ್ಲಿ ನಿಂತರೆ ಹಾಡಿದ್ದು ತಪ್ಪು ಎಂದು ಊರಿಗೆಲ್ಲ ತಿಳಿಯುತ್ತದೆ. ಅದಕ್ಕೆ ಪಿಟೀಲಪ್ಪನವರು ಅವರ ಮಾನ ಕಾಯಲು ಅವರ ಜೊತೆಗೇ ಕೆಳಗೆ ನಿಲ್ಲುತ್ತಿದ್ದರು. ಅಷ್ಟು ವರ್ಷ ನಿಂತು ನಿಂತು ಬೆರಳಿಗೆ ನಿಜವಾದ ಜಾಗವೇ ಮರೆತುಹೋಗಿತ್ತು. ಮತ್ತೆ ಏರಿದರು. ಮತ್ತೆ ಅಲ್ಲೇ. ಹಲ್ಲು ಕಚ್ಚಿ ಮೂರನೆಯ ಸಲ ಏರಿದರು. ಬೆರಳು ಅಲ್ಲಿಗೇ ಹೋಗಿ ನಿಂತಿತು. ಮುಂದಿನ ಸಾಲಿನಿಂದ ವಿದ್ವಾಂಸರು ತೊಡೆ ತಟ್ಟಿ ಭೇಷ್ ಎಂದರು. ಕಣ್ಣು ಮುಚ್ಚಿ ಕೇಳುತ್ತಿದ್ದ ಜನ, ಆಹಾ, ಥೇಟು ವಿದ್ವಾಂಸರೇ ಎಂದು ತಲೆದೂಗಿದರು. ಪಿಟೀಲಪ್ಪನವರಿಗೆ ಅತ್ತುಬಿಡಬೇಕು ಅನ್ನಿಸಿತು.

ಕಛೇರಿ ಮುಗಿದಾಗ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು, ವಿದ್ವಾಂಸರ ಕಡೆ ತಿರುಗಿ. ಇಂದು ನಮ್ಮ ವಿದ್ವಾಂಸರು ಬಾಯಿ ತೆರೆಯದೆಯೇ ಹಾಡಿದ್ದಾರೆ ಎಂದು ಕಾರ್ಯದರ್ಶಿ ಮೈಕಿನಲ್ಲಿ ಗದ್ಗದಿತನಾಗಿ ಹೇಳಿ ಹೂಗುಚ್ಛವನ್ನು ಅವರ ಕೈಗೇ ಕೊಟ್ಟ. ಪಿಟೀಲಪ್ಪನವರು ಅವನನ್ನು ಬದಿಗೆ ಕರೆದು ವರ್ಷಕ್ಕೊಂದು ಸಂಜೆಯ ವಿಷಯ ಎತ್ತಿದರು. ಅವನು ನಕ್ಕು ಭುಜ ತಟ್ಟಿದ.

"ನೀವು ನುಡಿಸಿದ್ರೆ ಅವರೇ ಕೇಳಿಸ್ತಾರೆ ಸಾರ್. ಅವರೇ ಇರೋವಾಗ ಜನಕ್ಕೆ ಇನ್ನೇನು ಬೇಕು?"

ಹೋಗಲಿ, ಹಳೆಯ ಗಂಡನ ಪಾದವೇ ಗತಿ, ಎಡಗಡೆಯ ಜಾಗವನ್ನು ಯಾರು ಕಿತ್ತುಕೊಳ್ಳುತ್ತಾರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಪಿಟೀಲಪ್ಪನವರು ಕಮಾನು ಹಿಂದಿರುಗಿಸಲು ಹೋದರು. ವಿದ್ವಾಂಸರು ಆಗಲೇ ಕಾರಿನಲ್ಲಿ ಕೂತಿದ್ದರು. ಮುಂದಿನ ವಾರದ ಕಛೇರಿಗೆ ಎಷ್ಟು ಹೊತ್ತಿಗೆ ಬರಲಿ ಎಂದು ಇವರು ಕೇಳಿದರು.

"ಅದಕ್ಕೆ ಬೇರೆಯವರಿಗೆ ಹೇಳಿದೀನಿ ಕಣಯ್ಯಾ," ಎಂದರು ವಿದ್ವಾಂಸರು. ಗಂಟಲು ಕೊಂಚ ತೆರೆದಿತ್ತು. "ಮಧ್ಯ ಕೂತವನನ್ನ ಮತ್ತೆ ಪಕ್ಕಕ್ಕೆ ಕೂರಿಸೋದೇ? ನಿನಗೆ ಅವಮಾನ ಮಾಡಿದ ಹಾಗಾಗುತ್ತೆ. ನನ್ನ ಕೈಲಾಗಲ್ಲ."

ಸಂಗೀತಗಾರರಲ್ಲಿ ಅಂಥದೊಂದು ಮರ್ಯಾದೆ ಇರುವುದು ನಿಜ. ಪಿಟೀಲಪ್ಪನವರೇ ಎಷ್ಟೋ ಜನಕ್ಕೆ ಅದನ್ನು ಹೇಳಿದ್ದರು. ಅದನ್ನು ಹೀಗೂ ಬಳಸಬಹುದು ಎಂದು ಅವರಿಗೆ ಗೊತ್ತಿರಲಿಲ್ಲ. ಕಾರು ಹೊರಟಿತು.

ಹಿಂದಿನ ಸಾಲಿನಲ್ಲಿ ದರ್ಜಿ ಮತ್ತು ತಮ್ಮನ ನಡುವೆ ಕೂತಿದ್ದ ಹೆಂಡತಿಗೆ ಷಡ್ಜವೂ ಗೊತ್ತಿಲ್ಲ, ಹೂಗುಚ್ಛ ಯಾರ ಕೈಗೆ ಹೋಯಿತೆಂದು ಎದ್ದು ನಿಂತ ಜನರ ಹಿಂದಿನಿಂದ ಕಂಡೂ ಇರಲಿಲ್ಲ. ಗಂಡ ಮಧ್ಯದಲ್ಲಿ ಕೂತದ್ದನ್ನು ಮಾತ್ರ ಅವರು ಕಣ್ತುಂಬ ನೋಡಿದ್ದರು. ಬಸ್ಸಿಗೆ ನಡೆಯುವಾಗ ಪಿಟೀಲಿನ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡರು.

"ಇನ್ಮೇಲೆ ನೀವು ಯಾರ ಪಕ್ಕಕ್ಕೂ ಕೂರಕೂಡದು," ಎಂದರು. "ನನಗೆ ಮಾತು ಕೊಡಿ."

ಇದಕ್ಕೆ ದೊಡ್ಡ ವಾದವೇ ಆಗುತ್ತದೆ ಎಂದು ಅವರು ತಯಾರಾಗಿದ್ದರು.

"ಇಲ್ಲ ಕಣೇ, ಕೂರಲ್ಲ," ಎಂದರು ಪಿಟೀಲಪ್ಪನವರು.

ಗಂಡ ಕೊನೆಗೂ ತನ್ನ ಮಾತು ಕೇಳಿದರಲ್ಲ ಎಂದು ಆಕೆಗೆ ಬಹಳ ಸಂತೋಷವಾಯಿತು.