ಮದುವೆ ಕಾರ್ಡಿನ ಮೇಲೆ ಕೆಂಪು ಗೀಟು

ನನ್ನ ಸೋದರಮಾವನ ಜೇಬಿನಲ್ಲಿ ಕನ್ನಡಕ ಇರಲಿ ಬಿಡಲಿ, ಕೆಂಪು ಪೆನ್ನು ಮಾತ್ರ ಇರಲೇಬೇಕು! ಕಲ್ಯಾಣದುರ್ಗದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟರೂ ತಿದ್ದುವುದನ್ನು ಬಿಡಲಿಲ್ಲ. ಬಸ್ಸಿನ ಬೋರ್ಡು, ಡಾಕ್ಟರ ಚೀಟಿ, ಯಾವುದಕ್ಕೂ ವಿನಾಯಿತಿಯಿಲ್ಲ.

ಅದರಲ್ಲೂ ‘ಆಲ್ದೋ’ ಎಂಬ ಪದದ ಮೇಲೆ ಅವರಿಗೆ ಪ್ರಾಣ. ಅದೇ ವಾಕ್ಯದಲ್ಲಿ ‘ಬಟ್’ ಬಂದು ಕೂತರೆ ಮುಗಿಯಿತು. “‘ಆಲ್ದೋ’ ಅಂದ್ರೇನೇ ‘ಆದ್ರೂ’ ಅಂತ. ‘ಮಳೆ ಬಂದ್ರೂ ಆದ್ರೆ ಹೋದೆ’ ಅಂತ ಯಾರಾದ್ರೂ ಅಂತಾರೇನಮ್ಮ?” ಎಂದು ನನ್ನನ್ನು ಕೇಳಿದಾಗ ನನಗೆ ಹತ್ತು ವರ್ಷ. ಅಂಗಳದಲ್ಲಿ ಕಡಲೆಕಾಯಿ ಬಿಡಿಸಲು ಕೂತವರಿಗೂ ಇದೇ ಪಾಠ! ಕುಂದುರ್ಪಿ ಬಸ್ಸಿನ ಕಂಡಕ್ಟರು ಇವರನ್ನು ಕಂಡೊಡನೆ ಇಂಗ್ಲಿಷ್ ಬಿಟ್ಟು ತೆಲುಗಿಗೆ ಇಳಿಯುತ್ತಿದ್ದರಂತೆ. ಪಾಪ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ಹೀಗಿರುವಾಗ ಹಿಂದೂಪುರದ ನಮ್ಮ ಮನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ನಮ್ಮಲ್ಲಿ ಹೆಣ್ಣನ್ನು ಸೋದರಮಾವನೇ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಕಲ್ಯಾಣದುರ್ಗದ ಕಡೆಯ ನೆಂಟರಿಗೆ ಹಂಚಲೆಂದು ಅಮ್ಮ ಅರಿಸಿನ ಹಚ್ಚಿದ ನೂರು ಕಾರ್ಡುಗಳನ್ನು ತನ್ನ ಅಣ್ಣನಾದ ಈ ಮಾವನಿಗೆ ಕಳಿಸಿದಳು. ಖುದ್ದಾಗಿ ಬಂದು ಕರೆಯಲಾಗಲಿಲ್ಲ ಎನ್ನುವ ಇಂಗ್ಲಿಷ್ ಸಾಲಿನಲ್ಲಿ ‘ಆಲ್ದೋ’, ‘ಬಟ್’ ಎರಡೂ ಹಾಯಾಗಿ ಕೂತಿದ್ದವು. ಮಾವ ಸುಮ್ಮನಿರುವುದುಂಟೇ? ನೂರು ಕಾರ್ಡಿನಲ್ಲೂ ‘ಬಟ್’ ಮೇಲೆ ಕೆಂಪು ಗೀಟೆಳೆದು, ಆಮೇಲೆಯೇ ಮನೆಮನೆಗೆ ಹಂಚಿದರು!

ಶುಭಕಾರ್ಯದ ಕಾರ್ಡಿನ ಮೇಲೆ ಕಾಟು! ಮದುವೆಯೇ ಮುರಿಯಿತೆಂದುಕೊಂಡ ನೆಂಟರು ಫೋನ್ ಮಾಡಿ, “ಪೋನೀಲೇಮ್ಮ, ಹೋಗ್ಲಿ ಬಿಡು, ಇನ್ನೊಂದು ಸಂಬಂಧ ಬತ್ತೈತೆ” ಎಂದು ಸಮಾಧಾನ ಹೇಳತೊಡಗಿದರು. ಅಮ್ಮ ಅಣ್ಣನಿಗೆ ಮದುವೆಗೇ ಬರಬೇಡ ಎಂದುಬಿಟ್ಟಳು. ಮಾವ, ತಪ್ಪು ಯಾರು ಮಾಡಿದರೂ ತಪ್ಪೇ ಎಂದು ಫೋನಿಟ್ಟರು. ಹದಿನೈದು ದಿನ ಮಾತಿಲ್ಲ, ಕತೆಯಿಲ್ಲ. ಚಿಲಮತ್ತೂರಿನಿಂದ ದೂರದ ಮಾವನೊಬ್ಬನನ್ನು ಕರೆಸಿ ಎತ್ತಿಸೋಣ ಎಂದರು ಮನೆಯವರು. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮಾವನಿಲ್ಲದೆ ಎಂಥ ಮದುವೆ? ನನಗೆ ಅಳುವೇ ಬಂತು.

ಎರಡು ದಿನ ಉಳಿದಿರುವಾಗ, ಮೂರನೇ ಕ್ಲಾಸು ಓದಿದ ಅಮ್ಮ ನನ್ನ ಫೋನ್ ಕಿತ್ತುಕೊಂಡು, “ಅವಣ್ಣನ ಭಾಷೇಲೇ ಕರೀತೀನಿ, ಹೇಳ್ಕೊಡು ಕಣಮ್ಮ” ಎಂದಳು. ನಾನು ಹೇಳಿಕೊಟ್ಟಿದ್ದೊಂದು, ಅವಳು ಅಂದಿದ್ದೊಂದು. “ಆಲ್ದೋ ಯು ಮ್ಯಾಡ್, ಬಟ್ ಮೈ ಬ್ರದರ್. ಕಮ್.” ನಾನು ತಡೆಯುವಷ್ಟರಲ್ಲಿ ವಾಯ್ಸ್ ಮೆಸೇಜು ಹೋಗಿಯೇಬಿಟ್ಟಿತ್ತು.

ಮದುವೆಯ ದಿನ ನನ್ನನ್ನು ಎತ್ತಿ ತಂದವರು ಮಾವನೇ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದರ ಹಿಂದಿನ ದಿನದ ಬೆಳಗು. ಮೊದಲ ಬಸ್ಸಿಗೇ ಬಂದಿಳಿದ ಮಾವ ಚಪ್ಪಲಿಯನ್ನೂ ಬಿಡದೆ ಅಮ್ಮನ ಎದುರು ನಿಂತರು. ಏನು ತಿದ್ದುತ್ತಾರೋ ಎಂದು ನಾನು ಅವರ ಜೇಬಿನ ಕೆಂಪು ಪೆನ್ನನ್ನೇ ನೋಡಿದೆ. ಅಮ್ಮ ಮೆಲ್ಲಗೆ, “ಕೇಳಿಸ್ಕಂಡ್ಯೇನಣ್ಣ?” ಎಂದಳು.

ಮಾವನ ಕಣ್ಣು ತುಂಬಿಬಂದಿತ್ತು. “ಬಸ್ಸಲ್ಲಿ ದಾರಿ ಪೂರಾ ಅದ್ನೇ ಕೇಳ್ತಾ ಬಂದೆ ಕಣಮ್ಮ. ಇನ್ನೊಂದ್ ಸಲ ಅನ್ನು.”